ಚಿಕ್ಕತಾಯಮ್ಮನ ಹವ್ಯಾಸ

ನಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಕನ್ನಡದ ಅನೌನ್ಸ್‌ಮೆಂಟನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇನ್ನು ಹತ್ತೇ ನಿಮಿಷದಲ್ಲಿ ಬಸ್ಸು ಬರಲಿದೆ ಎಂದು ಮೈಕು ಕೂಗುತ್ತದೆ, ಜನ ತಮ್ಮ ಗಂಟುಮೂಟೆಯ ಮೇಲೆ ಕೂತೇ ಇರುತ್ತಾರೆ. ಅದೇ ಮಾತು ಇಂಗ್ಲಿಷಿನಲ್ಲಿ ಬರುತ್ತದೋ ಇಲ್ಲವೋ ಎಂದು ಕಾಯುತ್ತಾರೆ. ಬಂದರೆ ಎದ್ದು ಸೀರೆ ಪಂಚೆ ಕೊಡವಿಕೊಂಡು ಸಾಲು ನಿಲ್ಲುತ್ತಾರೆ. ಬರೀ ಗೊರಗೊರ ಸದ್ದು ಬಂದರೆ ಬಸ್ಸು ಎಲ್ಲೋ ಕೆಟ್ಟು ನಿಂತಿದೆ ಎಂದು ತಿಳಿದು ಇನ್ನೊಂದು ಲೋಟ ಕಾಫಿ ತರಿಸುತ್ತಾರೆ. ಏಕೆಂದರೆ ನಮ್ಮೂರಿನಲ್ಲಿ ಇಂಗ್ಲಿಷಿನಲ್ಲಿ ಸುಳ್ಳು ಹೊರಡುವುದಿಲ್ಲ. ಕನ್ನಡದಲ್ಲಿ ಎಷ್ಟು ಬೇಕಾದರೂ ಹೇಳಿಕೊಳ್ಳಿ, ತಡೆಯಿಲ್ಲ. ಇಂಗ್ಲಿಷಿನಲ್ಲಿ ಮಾತ್ರ, ಸುಳ್ಳೆಂದು ನಿಮಗೇ ಗೊತ್ತಿರುವ ಮಾತು ಗಂಟಲಲ್ಲೇ ನಿಲ್ಲುತ್ತದೆ. ಬಾಯಿ ಆಡುತ್ತದೆ, ದನಿ ಬರುವುದಿಲ್ಲ. ಊರಿನ ಗಡಿ ದಾಟಿದ ಮೇಲೆ ನಿಮ್ಮಿಷ್ಟ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ಗಾದೆ ನಮ್ಮಲ್ಲೂ ಇದೆ. ಆದರೆ ಹೆಣ್ಣಿನ ಕಡೆಯವರು ಹುಡುಗನ ಗುಣಗಾನವನ್ನೆಲ್ಲ ತಾಳ್ಮೆಯಿಂದ ಕೇಳಿ, ಕೊನೆಗೆ ಕಾಫಿ ಲೋಟ ಕೆಳಗಿಟ್ಟು, ಎಲ್ಲಿ, ಇದನ್ನೇ ಒಂದು ಸಲ ಇಂಗ್ಲಿಷಿನಲ್ಲಿ ಹೇಳಿ ಎನ್ನುತ್ತಾರೆ. ಅದಕ್ಕೇ ನಮ್ಮೂರಿನ ಮದುವೆ ದಲ್ಲಾಳಿಗಳು ಎ ಬಿ ಸಿ ಡಿಯ ಗಾಳಿ ಕೂಡ ಸೋಕದಂತೆ ಜೋಪಾನವಾಗಿದ್ದಾರೆ. ಚುನಾವಣೆಗೆ ನಿಲ್ಲುವವರ ಕನ್ನಡಾಭಿಮಾನವನ್ನಂತೂ ಕೇಳುವುದೇ ಬೇಡ. ಹೊಸದಾಗಿ ಮದುವೆಯಾದವರು 'ಐ ಲವ್ ಯೂ' ಅನ್ನುವ ಮೊದಲು ನಾಲ್ಕು ಸಲ ಯೋಚಿಸುತ್ತಾರೆ. ನಾನು ನನ್ನ ಹೆಂಡತಿಗೆ ಮದುವೆಯಾದ ಆರನೇ ವರ್ಷ ಧೈರ್ಯ ಮಾಡಿ ಹೇಳಿದೆ. ದನಿ ಬಂತು. ಇಬ್ಬರಿಗೂ ಆಶ್ಚರ್ಯವಾಯಿತು.

ನಾನು ಇಂಗ್ಲಿಷ್ ಮೇಷ್ಟ್ರು. ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲೆ ಇಪ್ಪತ್ತೆರಡು ವರ್ಷದಿಂದ ಮಾತನಾಡುವ ಇಂಗ್ಲಿಷಿನ ಪಾಠ ಹೇಳುತ್ತಿದ್ದೇನೆ. ನಮ್ಮೂರಿನಲ್ಲಿ ಯಾವ ಕಚೇರಿಯ ಕೆಲಸಕ್ಕೆ ಸೇರಬೇಕಾದರೂ ಇಂಗ್ಲಿಷಿನಲ್ಲಿ ಮಾತಾಡುವ ಪರೀಕ್ಷೆ ಪಾಸಾಗಬೇಕು. ಯಾವ ಕಾಲದಲ್ಲಿ ಯಾರು ಬರೆದಿಟ್ಟರೋ, ಆ ಪರೀಕ್ಷೆಯ ಮೊದಲ ಪ್ರಶ್ನೆ ಇವತ್ತಿಗೂ ಬದಲಾಗಿಲ್ಲ. ವಾಟ್ ಈಸ್ ಯುವರ್ ಹಾಬಿ? ಎರಡು ನಿಮಿಷ ಮಾತಾಡಬೇಕು. ಬೇರೆ ಊರುಗಳಲ್ಲಿ ಈ ಪ್ರಶ್ನೆ ನೀರು ಕುಡಿದಷ್ಟು ಸುಲಭವಂತೆ. ಪುಸ್ತಕ ಓದುವುದು, ಅಂಚೆಚೀಟಿ ಕೂಡಿಸುವುದು ಎಂದು ಉರು ಹೊಡೆದು ಒಪ್ಪಿಸಿ ಬರುತ್ತಾರಂತೆ. ನಮ್ಮಲ್ಲಿ ಹಾಗೆ ನಡೆಯುವುದಿಲ್ಲವಲ್ಲ. ಹವ್ಯಾಸ ನಿಜವಾಗಿಯೂ ಇರಬೇಕು. ಹಾಗಾಗಿ ನನ್ನ ತರಗತಿಯಲ್ಲಿ ಅರ್ಧ ಇಂಗ್ಲಿಷ್, ಇನ್ನರ್ಧ ಹವ್ಯಾಸ ಅಂಟಿಸುವ ಕೆಲಸ. ಒಂದು ಕೇರಂ ಬೋರ್ಡು, ಅಂಚೆಚೀಟಿಯ ನಾಲ್ಕು ಆಲ್ಬಮ್ಮು, ಮೂರು ಸ್ವರದ ಮನೆ ಸತ್ತಿರುವ ಹಾರ್ಮೋನಿಯಂ, ಗಾಳಿಪಟದ ಕಾಗದ, ಹೂವಿನ ಕುಂಡಗಳು, ಎಲ್ಲ ಇಟ್ಟಿದ್ದೇನೆ. ಮೂರು ತಿಂಗಳಲ್ಲಿ ಯಾವುದಾದರೊಂದು ಹತ್ತಿಕೊಳ್ಳುತ್ತದೆ. ಕೆಲವರಿಗೆ ಅತಿಯಾಗಿಯೂ ಹತ್ತುತ್ತದೆ. ಶಿವನಂಜ ಎಂಬ ಗುಮಾಸ್ತ ಗಾಳಿಪಟ ಆರಿಸಿಕೊಂಡು ಪಾಸಾದ, ಕೆಲಸವೂ ಸಿಕ್ಕಿತು, ಆದರೆ ಗಾಳಿ ಬೀಸಿದ ದಿನ ಇಂದಿಗೂ ಕಚೇರಿಗೆ ಬರುವುದಿಲ್ಲ. ಆ ಪಾಪ ನನ್ನ ತಲೆಗೇ ಸುತ್ತಿಕೊಂಡಿದೆ.

ಚಿಕ್ಕತಾಯಮ್ಮ ನನ್ನ ಮಾಳಿಗೆ ಹತ್ತಿ ಬಂದದ್ದು ಹೋದ ವರ್ಷ ಯುಗಾದಿ ಕಳೆದ ವಾರ. ಹತ್ತೊಂಬತ್ತು ವರ್ಷದಿಂದ ಬಸ್ ಸ್ಟ್ಯಾಂಡು ಗುಡಿಸುತ್ತಿದ್ದವಳು. ಒಂದೊಂದು ಮೆಟ್ಟಿಲಿಗೂ ನಿಂತು, ಮಂಡಿಯ ಮೇಲೆ ಕೈಯೂರಿ, ಉಸಿರು ತೆಗೆದುಕೊಂಡು ಹತ್ತಿದಳು. ಮಂಡಿ ಸವೆದಿದೆ, ಇನ್ನು ಬಗ್ಗುವ ಕೆಲಸ ಮಾಡಕೂಡದು ಎಂದು ಡಾಕ್ಟರು ಹೇಳಿದ್ದರು. ಬಗ್ಗಲಾರದವರ ಕೈಗೆ ಪೊರಕೆ ಯಾಕೆ ಎಂದು ಹೊಸದಾಗಿ ಬಂದಿದ್ದ ಡಿಪೋ ಮ್ಯಾನೇಜರು ಹೇಳಿದ್ದ. ಆಷಾಢ ಮುಗಿಯುವವರೆಗೆ ಗಡುವು ಕೊಟ್ಟಿದ್ದ. ಅದೇ ಹೊತ್ತಿಗೆ ಮೈಕಿನ ರಂಗಧಾಮಯ್ಯ ನಿವೃತ್ತನಾಗಿ ಅನೌನ್ಸರ್ ಕೆಲಸ ಖಾಲಿ ಬಿದ್ದಿತ್ತು. ಕೂತು ಮಾಡುವ ಕೆಲಸ, ಎಂಟನೇ ಕ್ಲಾಸು ಓದಿದ್ದರೆ ಸಾಕು, ವಯಸ್ಸು ನಲವತ್ತೈದು ದಾಟಿರಬಾರದು. ಚಿಕ್ಕತಾಯಮ್ಮನಿಗೆ ನಲವತ್ತೈದು ತುಂಬಲು ಐದು ತಿಂಗಳಿತ್ತು. ಪರೀಕ್ಷೆಗೆ ಮೂರು ತಿಂಗಳು. ಈ ಸಲ ತಪ್ಪಿದರೆ ಪೊರಕೆಯೂ ಇಲ್ಲ, ಮೈಕೂ ಇಲ್ಲ.

ಇಂಗ್ಲಿಷ್ ಆಕೆಗೆ ಅಷ್ಟೇನೂ ತೊಡಕಾಗಲಿಲ್ಲ. ಹತ್ತೊಂಬತ್ತು ವರ್ಷ ಮೈಕಿನ ಕೆಳಗೆ ಗುಡಿಸಿದವಳಿಗೆ ಅಟೆನ್ಷನ್, ಪ್ಯಾಸೆಂಜರ್ಸ್, ಡಿಪಾರ್ಚರ್ ಎಲ್ಲ ನಾಲಿಗೆಯ ತುದಿಯಲ್ಲೇ ಇದ್ದವು. ತೊಡಕಾದದ್ದು ಹವ್ಯಾಸ. ಮೊದಲ ದಿನ ನಿಮ್ಮ ಹವ್ಯಾಸ ಏನು ಎಂದು ಕೇಳಿದ್ದೇ ತಡ, ಆಕೆಯ ಮುಖ ಗಂಟಿಕ್ಕಿತು. ನಮ್ಮ ಕಡೆ ಗೊತ್ತಲ್ಲ, ಅವನಿಗೆ ಹವ್ಯಾಸ ಇದೆ ಎಂದರೆ ಸಂಜೆಯಾದರೆ ಯಾವ ಹೆಂಡದಂಗಡಿಗೆ ಹೋಗುತ್ತಾನೆ ಎಂದು ಎಲ್ಲರಿಗೂ ಅರ್ಥವಾಗುತ್ತದೆ.

"ನಮ್ ವಂಶದಲ್ಲೇ ಯಾರ್ಗೂ ಹವ್ಯಾಸ ಇಲ್ಲ ಮೇಷ್ಟ್ರೇ. ನಾನು ಎಲೆಅಡಿಕೆನೂ ಮುಟ್ಟೋಳಲ್ಲ. ಹವ್ಯಾಸ ಇದ್ದದ್ದು ನಮ್ಮೆಜಮಾನ್ರಿಗೆ. ಅದ್ರಲ್ಲೇ ಹೋದ್ರು."

ನಾನು ಕ್ಷಮೆ ಕೇಳಿ ಬಿಡಿಸಿ ಹೇಳಿದೆ. ಹಾಬಿ ಎಂದರೆ ಕೆಟ್ಟದ್ದಲ್ಲ. ಯಾರೂ ಹೇಳದೆ, ಏನೂ ಸಿಗದೆ, ಸುಮ್ಮನೆ ಮನಸ್ಸಿಗೆ ಹಿತ ಅಂತ ಮಾಡುವ ಕೆಲಸ. ಆಕೆ, ಅಂಥ ದಂಡದ ಕೆಲಸಕ್ಕೆ ತನಗೆ ಪುರಸೊತ್ತು ಎಲ್ಲಿತ್ತು ಎಂದು ನನ್ನನ್ನೇ ಕೇಳಿದಳು.

ಒಂದೊಂದಾಗಿ ಅಂಟಿಸಲು ನೋಡಿದೆ. ಅಂಚೆಚೀಟಿ ತೋರಿಸಿದರೆ, ಯಾರೋ ಎಂಜಲು ಹಚ್ಚಿ ಅಂಟಿಸಿದ ಕಾಗದದ ಚೂರನ್ನು ಒಳಗೆ ಎತ್ತಿಟ್ಟುಕೊಳ್ಳುವುದೇ ಎಂದು ಕೈ ತೊಳೆದು ಬಂದಳು. ಮನೆಯ ಹಿಂದೆ ಒಡೆದ ಬಕೆಟ್ಟಿನಲ್ಲಿ ಕೊತ್ತಂಬರಿ ಬೆಳೆದಿದ್ದಾಳೆಂದು ಗೊತ್ತಾಗಿ ನನಗೆ ಆಸೆ ಚಿಗುರಿತು. ಮೈ ಹಾಬಿ ಈಸ್ ಎಂಬಲ್ಲಿಯವರೆಗೆ ದನಿ ಬಂತು, ಗಾರ್ಡನಿಂಗ್ ಅನ್ನುವಷ್ಟರಲ್ಲಿ ಬಾಯಿ ಮಾತ್ರ ಆಡಿತು. ಸಾರಿಗೆ ಬೇಕಲ್ಲ ಅಂತ ಹಾಕಿದ್ದು ಎಂದಳು ತಪ್ಪೊಪ್ಪಿಕೊಳ್ಳುವವಳಂತೆ. ರಂಗೋಲಿಯೂ ಬರಲಿಲ್ಲ. ಹಾಕದಿದ್ದರೆ ಎದುರು ಮನೆಯವಳು ಆಡಿಕೊಳ್ಳುತ್ತಾಳೆ ಎಂದು ಹಾಕುತ್ತಿದ್ದಳಂತೆ. ಮೂರು ವಾರ ಕೇರಂ ಆಡಿಸಿದೆ. ನನ್ನನ್ನು ಪ್ರತಿ ಸಲ ಸೋಲಿಸಿದಳು, ಪ್ರತಿ ಸಲ ಎದ್ದು ನಿಂತು, ಆಯ್ತಾ, ಹೊರಡಲಾ ಎಂದು ಕೇಳಿದಳು. ಬದುಕಿನಲ್ಲಿ ಒಂದು ಕೆಲಸವನ್ನೂ ಪುಕ್ಕಟೆ ಮಾಡಲು ಅವಕಾಶವಿಲ್ಲದವಳಿಗೆ ಹವ್ಯಾಸ ಏನು ಎಂದು ಕೇಳುವ ಆ ಪ್ರಶ್ನೆಯ ಮೇಲೆ ನನಗೆ ಅಷ್ಟು ವರ್ಷದಲ್ಲಿ ಮೊದಲ ಬಾರಿ ಸಿಟ್ಟು ಬಂತು.

ಪರೀಕ್ಷೆಗೆ ಹನ್ನೆರಡು ದಿನ ಉಳಿದಾಗ ಒಂದು ಬೆಳಗ್ಗೆ ಪಾರ್ಸೆಲ್ ಕಳಿಸಲು ಬಸ್ ಸ್ಟ್ಯಾಂಡಿಗೆ ಹೋದೆ. ಮೂರನೇ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಹುಡುಗಿ ತಗಡಿನ ಟ್ರಂಕನ್ನು ತಬ್ಬಿಕೊಂಡು ಕೂತಿದ್ದಳು. ಮೊದಲ ಸಲ ಒಬ್ಬಳೇ ಹೊರಟವಳೆಂದು ನೋಡಿದರೇ ತಿಳಿಯುತ್ತಿತ್ತು. ಚಿಕ್ಕತಾಯಮ್ಮ ಪೊರಕೆಗೆ ಒರಗಿ ನಿಂತು, ಈ ಬಸ್ಸಿನ ಡ್ರೈವರು ತನ್ನ ಒಡಹುಟ್ಟಿದ ತಮ್ಮ, ತುಪ್ಪ ತುಂಬಿದ ಲೋಟ ಪಕ್ಕದಲ್ಲಿಟ್ಟರೂ ತುಳುಕದಂತೆ ಓಡಿಸುತ್ತಾನೆ ಎಂದು ಹೇಳುತ್ತಿದ್ದಳು. ಆ ಡ್ರೈವರು ನನಗೆ ಗೊತ್ತು. ತುಪ್ಪದ ಮಾತಿರಲಿ, ಅವನ ಬಸ್ಸಿನಲ್ಲಿ ಹೊಟ್ಟೆಯೊಳಗಿನ ಇಡ್ಲಿ ಉಳಿದರೆ ಪುಣ್ಯ. ಚಿಕ್ಕತಾಯಮ್ಮನಿಗೆ ತಮ್ಮನೂ ಇಲ್ಲ, ಅಣ್ಣನೂ ಇಲ್ಲ. ಹುಡುಗಿ ಟ್ರಂಕಿನ ಮೇಲಿನ ಹಿಡಿತ ಸಡಿಲಿಸಿ ಒಂದು ಬಾಳೆಹಣ್ಣು ಸುಲಿದಳು.

ನಾನು ಕಂಬದ ಮರೆಗೆ ಸರಿದೆ. ಮುಂದಿನ ಬೆಂಚಿನಲ್ಲಿ ಕಣ್ಣಿನ ಆಪರೇಷನ್ನಿಗೆ ಹೊರಟಿದ್ದ ಒಬ್ಬ ಮುದುಕನಿಗೆ, ತನಗೂ ಅದೇ ಆಪರೇಷನ್ ಆಗಿದೆ, ಎರಡೂ ಕಣ್ಣಿಗೆ, ಮನೆಗೆ ಬಂದವಳೇ ಸೂಜಿಗೆ ದಾರ ಪೋಣಿಸಿದೆ ಎಂದಳು. ಕನ್ನಡಕವನ್ನೇ ಕಂಡವಳಲ್ಲ. ಅರ್ಧ ಗಂಟೆಯಲ್ಲಿ ನಾಲ್ಕು ಸುಳ್ಳು ಎಣಿಸಿದೆ. ಯಾರೂ ಆಕೆಗೆ ಏನೂ ಕೊಡಲಿಲ್ಲ, ಆಕೆಯೂ ನಿಲ್ಲಲಿಲ್ಲ. ಹೇಳುವುದು, ಮುಖ ಅರಳಿತೇ ಎಂದು ಒಮ್ಮೆ ನೋಡುವುದು, ಮಂಡಿ ಹಿಡಿದುಕೊಂಡು ಮುಂದೆ ಗುಡಿಸುವುದು.

ಸಂಜೆ ಪಾಠಕ್ಕೆ ಬಂದಾಗ ಕೇಳಿಯೇಬಿಟ್ಟೆ. ಸಿಕ್ಕಿಬಿದ್ದವಳ ಹಾಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ನಿಮ್ಗೆ ಸುಳ್ಳು ಹೇಳ್ದೆ ಮೇಷ್ಟ್ರೇ. ನಂಗೂ ಹವ್ಯಾಸ ಇದೆ. ಎಷ್ಟೋ ಸಲ ಬುಟ್ಟುಬುಡಬೇಕು ಅನ್ಕಂಡೆ, ಆಗ್ನಿಲ್ಲ. ಮುಖ ಸಣ್ಣಗೆ ಮಾಡ್ಕಂಡು ಕೂತಿರೋರ್ನ ಕಂಡ್ರೆ ನಾಲ್ಗೆ ಸುಮ್ಕಿರಕಿಲ್ಲ."

ಹವ್ಯಾಸ ಎಂಬ ಪದವನ್ನು ಆಕೆಯೇ ಬಾಯಿಬಿಟ್ಟು ಹೇಳಿದರೂ ಇಪ್ಪತ್ತೆರಡು ವರ್ಷದಿಂದ ಅದನ್ನೇ ಕಲಿಸುತ್ತಾ ಬಂದ ನನ್ನ ತಲೆಗೆ ಹೊಳೆಯಲಿಲ್ಲ. ಓದಿದವರ ಹಣೆಬರಹವೇ ಇಷ್ಟು. ಬದಲಿಗೆ ನಾನು ಆಕೆಯನ್ನೇ ಗದರಿಸಿದೆ. ಸುಳ್ಳುಗಾರ್ತಿಯ ಕೈಗೆ ಯಾರಾದರೂ ಮೈಕು ಕೊಡುತ್ತಾರೆಯೇ, ಪರೀಕ್ಷೆಯಲ್ಲಿ ಇದರ ಸುದ್ದಿ ಎತ್ತಿದರೆ ಕೆಟ್ಟಿರಿ ಎಂದೆ. ಆಕೆ ತಲೆಯಾಡಿಸಿದಳು. ಕೊನೆಗೆ ನಾವಿಬ್ಬರೂ ಹಾಡಿಗೆ ಬಂದು ನಿಂತೆವು. 'ಐ ಲೈಕ್ ಸಾಂಗ್ಸ್' ಎನ್ನುವುದು ಹೇಗೋ ದನಿಯಾಗಿ ಹೊರಗೆ ಬರುತ್ತಿತ್ತು. ಅದನ್ನೇ ಎಳೆದು ಎರಡು ನಿಮಿಷ ಮಾಡಿ ಎಂದು ಹೇಳಿಕೊಟ್ಟೆ.

ಪರೀಕ್ಷೆ ನಡೆದದ್ದು ಬಸ್ ಸ್ಟ್ಯಾಂಡಿನ ಪಾರ್ಸೆಲ್ ಕೋಣೆಯಲ್ಲಿ. ಮೇಲಿನ ಕಚೇರಿಯಿಂದ ಕಾತ್ಯಾಯಿನಿ ಮೇಡಂ ಎಂಬ ಪರೀಕ್ಷಕರು ಬಂದಿದ್ದರು. ಹಿಂದೆ ನಾಲ್ಕಾರು ಸಲ ಬಂದವರು, ನಮ್ಮೂರಿನ ರೀತಿ ಬಲ್ಲವರು. ಕಿಟಕಿಗೆ ಬಾಗಿಲಿಲ್ಲ, ಬರೀ ಸರಳು. ಹೊರಗೆ ಕಡಲೆಕಾಯಿಯವರು, ಕಂಡಕ್ಟರುಗಳು, ಬಸ್ಸಿಗೆ ಕಾಯುವವರು ಎಲ್ಲ ಸೇರಿದ್ದರು. ಎಲ್ಲರಿಗಿಂತ ಮುಂದೆ ಸರಳಿಗೆ ಮೂಗು ಒತ್ತಿಕೊಂಡು ನಿಂತವನು ನಾನು.

ಚಿಕ್ಕತಾಯಮ್ಮ ಇಸ್ತ್ರಿ ಹಾಕಿದ ಸೀರೆ ಉಟ್ಟು ಬಂದಿದ್ದಳು. ಕುರ್ಚಿಯ ತುದಿಯಲ್ಲಿ ಕೂತಳು. ಮೇಡಂ ಆ ಹಳೇ ಪ್ರಶ್ನೆ ಕೇಳಿದರು. ಐ ಲೈಕ್ ಸಾಂಗ್ಸ್ ಎಂದಳು. ಮೇಡಂ ಕನ್ನಡಕದ ಮೇಲಿಂದ ನೋಡಿ, ಇಷ್ಟ ಏನು ಅಂತ ನಾನು ಕೇಳಲಿಲ್ಲ, ಹಾಬಿ ಏನು ಎಂದು ಕೇಳಿದೆ ಎಂದರು. ಮೈ ಹಾಬಿ ಈಸ್ ಎಂದಳು ಚಿಕ್ಕತಾಯಮ್ಮ. ಆಮೇಲೆ ದನಿಯಿಲ್ಲ. ಇನ್ನೊಮ್ಮೆ ಮೈ ಹಾಬಿ ಈಸ್. ಬಾಯಿ ಆಡುತ್ತಿದೆ, ಸದ್ದಿಲ್ಲ. ಹೊರಗೆ ಕಡಲೆಕಾಯಿ ಒಡೆಯುವವರೂ ನಿಲ್ಲಿಸಿದರು. ಮೇಡಂ ಗಡಿಯಾರ ನೋಡಿಕೊಂಡರು. ಮೂರು ತಿಂಗಳು ನಾನು ಆಕೆಗೆ ಕಲಿಸಿದ್ದು ಈ ಮೌನವನ್ನೇ ಎಂದು ನಾಚಿಕೆಯಾಯಿತು.

ಚಿಕ್ಕತಾಯಮ್ಮ ತಲೆಯೆತ್ತಿ ಮೇಡಂ ಮುಖ ನೋಡಿದಳು. "ಮೈ ಹಾಬಿ ಈಸ್ ಟೆಲ್ಲಿಂಗ್ ಲೈಸ್," ಎಂದಳು.

ದನಿ ಬಂತು. ಸ್ವಚ್ಛವಾಗಿ, ಪ್ಲಾಟ್‌ಫಾರ್ಮಿನ ಕೊನೆಗೆ ಕೇಳುವಷ್ಟು ದೊಡ್ಡದಾಗಿ ಬಂತು. ಸುಳ್ಳು ಹೇಳುವುದು ನನ್ನ ಹವ್ಯಾಸ ಎಂಬ ಮಾತು ನಮ್ಮೂರಿನಲ್ಲಿ ಇಂಗ್ಲಿಷಿನಲ್ಲಿ ಬಂತೆಂದರೆ ಅದು ಸತ್ಯ. ಆಕೆಗೇ ಗಾಬರಿಯಾದಂತೆ ಒಂದು ಕ್ಷಣ ಬಾಯಿ ಮುಚ್ಚಿಕೊಂಡಳು. ಮೇಡಂ ಪೆನ್ನು ಕೆಳಗಿಟ್ಟು, ಮುಂದುವರಿಸಿ ಎಂದರು.

"ಐ ಟೋಲ್ಡ್ ಎ ಗರ್ಲ್ ದಟ್ ದಿ ಡ್ರೈವರ್ ಈಸ್ ಮೈ ಬ್ರದರ್," ಎಂದಳು. ಅದೂ ಬಂತು. ಹೊರಗಿದ್ದ ಡ್ರೈವರುಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ನೋಡಿ, ನಮ್ಮ ಕನ್ನಡದಲ್ಲಿ 'ಅಂತ' ಎಂಬ ಒಂದು ಸಣ್ಣ ಪದ ಇದೆ. ಯಾರ ಮಾತನ್ನು ಬೇಕಾದರೂ ಹಾಗೇ ಎತ್ತಿ ಅದರ ಮುಂದೆ ಇಟ್ಟರಾಯಿತು. ಇಂಗ್ಲಿಷಿನಲ್ಲಿ ಅದಕ್ಕೆ ದಟ್ ಎನ್ನಬೇಕು ಎಂದು ಆಕೆಗೆ ಹೇಳಿಕೊಟ್ಟವನು ನಾನೇ. ಅದರ ಕೈ ಹಿಡಿದುಕೊಂಡರೆ ಸುಳ್ಳು ಕೂಡ ನಮ್ಮೂರಿನಲ್ಲಿ ಇಂಗ್ಲಿಷಿನ ಬಾಗಿಲು ದಾಟಬಹುದೆಂದು ಇಷ್ಟು ವರ್ಷ ಯಾರಿಗೂ ತಿಳಿದಿರಲಿಲ್ಲ. ಡ್ರೈವರು ತಮ್ಮ ಎನ್ನುವುದು ಸುಳ್ಳು, ತಮ್ಮ ಅಂತ ಹೇಳಿದ್ದು ನಿಜ.

ಆಮೇಲೆ ಆಕೆ ನಿಲ್ಲಲಿಲ್ಲ. ಕಣ್ಣಿನ ಮುದುಕನಿಗೆ ಹೇಳಿದ್ದು, ಬಸ್ಸು ಹತ್ತಲು ಹೆದರಿ ಅಳುತ್ತಿದ್ದ ಮಗುವಿಗೆ ಈ ಬಸ್ಸಿಗೆ ರಾತ್ರಿ ಹಾಲು ಕುಡಿಸಿ ಮಲಗಿಸುತ್ತಾರೆ ಎಂದದ್ದು, ಸಂದರ್ಶನಕ್ಕೆ ಹೊರಟ ಹುಡುಗನಿಗೆ ಆ ಬೆಂಚಿನಲ್ಲಿ ಕೂತು ಹೋದವರಿಗೆಲ್ಲ ಕೆಲಸ ಸಿಕ್ಕಿದೆ ಎಂದದ್ದು, ಎಲ್ಲವನ್ನೂ ಮುರುಕು ಇಂಗ್ಲಿಷಿನಲ್ಲಿ ಒಂದೊಂದಕ್ಕೂ ದಟ್ ಸೇರಿಸಿ ಹೇಳಿದಳು. ಕಿಟಕಿಯ ಹೊರಗೆ ನನ್ನ ಪಕ್ಕ ನಿಂತಿದ್ದ ಒಬ್ಬ ಕಂಡಕ್ಟರು ಆ ಬೆಂಚಿನಲ್ಲಿ ಕೂತದ್ದು ನಾನೇ ಎಂದು ಯಾರಿಗೋ ಪಿಸುಗುಟ್ಟಿದ. ಇದರಿಂದ ನಿಮಗೇನು ಸಿಗುತ್ತದೆ ಎಂದು ಮೇಡಂ ಕೇಳಿದರು. ನಥಿಂಗ್ ಎಂದಳು. ಅದೂ ದನಿಯಾಗಿ ಬಂತು. ಯಾವಾಗ ಶುರುವಾಯಿತು ಎಂದರು.

ಚಿಕ್ಕತಾಯಮ್ಮ ಸೆರಗು ಸರಿಮಾಡಿಕೊಂಡಳು. "ಮೈ ಹಸ್ಬೆಂಡ್, ಇನ್ ಹಾಸ್ಪಿಟಲ್. ಐ ಟೋಲ್ಡ್ ಹಿಮ್ ದಟ್ ಡಾಕ್ಟರ್ ಸೇಯ್ಸ್ ಹೀ ಈಸ್ ಗೆಟಿಂಗ್ ವೆಲ್. ದಟ್ ಡೇ ಹೀ ಸ್ಲೆಪ್ಟ್." ಬೆರಳಿನಿಂದ ಮೇಜಿನ ಅಂಚು ಸವರಿದಳು. "ದಟ್ ವಾಸ್ ಫಸ್ಟ್."

ಎರಡು ನಿಮಿಷ ಆಗಲೇ ಮುಗಿದಿತ್ತು. ಯಾರೂ ಗಡಿಯಾರ ನೋಡಲಿಲ್ಲ. ಗಂಡನನ್ನು ಅವನ ಹವ್ಯಾಸ ಕೊಂದಿತ್ತು, ಈಕೆಯ ಹವ್ಯಾಸ ನೆಮ್ಮದಿಯಾಗಿ ಮಲಗಿಸಿ ಕಳಿಸಿತ್ತು ಎಂದು ಕಿಟಕಿಯಲ್ಲಿ ನಿಂತ ನನಗೆ ಆಗ ಅರ್ಥವಾಯಿತು.

ಆದರೆ ಕಾತ್ಯಾಯಿನಿ ಮೇಡಂ ಸುಲಭಕ್ಕೆ ಕರಗುವವರಲ್ಲ. ಮೈಕಿನ ಮಾತನ್ನು ಜನ ನಂಬಬೇಕು, ಸುಳ್ಳಿನ ಅಭ್ಯಾಸ ಇರುವವರನ್ನು ಅಲ್ಲಿ ಕೂರಿಸುವುದು ಹೇಗೆ ಎಂದರು. ಇನ್ನು ಮೇಲೆ ಯಾರಿಗೂ ಸುಳ್ಳು ಹೇಳುವುದಿಲ್ಲ, ಅಷ್ಟನ್ನು ಇಂಗ್ಲಿಷಿನಲ್ಲಿ ಹೇಳಿ, ಕೆಲಸ ನಿಮ್ಮದು ಎಂದರು. ಚಿಕ್ಕತಾಯಮ್ಮ ಬಾಯಿ ತೆರೆದಳು. ಐ ಬಂತು, ಮುಂದಿನದು ಬರಲಿಲ್ಲ. ಕಣ್ಣು ಮುಚ್ಚಿಕೊಂಡು ಮತ್ತೆ ಹೇಳಲು ನೋಡಿದಳು. ಕತ್ತಿನ ನರ ಉಬ್ಬಿತು. ಬರಲಿಲ್ಲ. ಹೊರಗೆ ಜನ ಉಶ್ ಎಂದು ಉಸಿರು ಬಿಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾನು ಸರಳು ಬಿಟ್ಟು ಹಿಂದೆ ಸರಿಯುವುದರಲ್ಲಿದ್ದೆ.

ಅಷ್ಟರಲ್ಲಿ ಆಕೆ ಮೇಡಂ ಹೇಳಿಕೊಟ್ಟ ಮಾತನ್ನು ಬಿಟ್ಟು ತನ್ನದೇ ಮಾತು ಜೋಡಿಸಿದಳು. ನಾನು ಕಲಿಸಿದ ವ್ಯಾಕರಣ ಅದರಲ್ಲಿ ಒಂದೂ ಇರಲಿಲ್ಲ.

"ಬಸ್ ಲೇಟ್, ಐ ಸೇ ಲೇಟ್, ಇನ್ ಮೈಕ್. ಕನ್ನಡ ಆಲ್ಸೋ, ಐ ಸೇ ಲೇಟ್. ಸಮ್‌ಬಡಿ ಕ್ರೈಯಿಂಗ್, ಐ ಆಫ್ ದಿ ಮೈಕ್. ಐ ಗೋ ನಿಯರ್. ದೆನ್ ಐ ಟೆಲ್ ಲೈ."

ಒಂದಕ್ಷರವೂ ಗಂಟಲಲ್ಲಿ ಉಳಿಯದೆ ಎಲ್ಲ ಹೊರಗೆ ಬಂತು. ಮೇಡಂ ಕಾಗದದ ಮೇಲೆ ಅಂಕ ಬರೆದರು. ಪರೀಕ್ಷಕರು ಫಲಿತಾಂಶವನ್ನು ಅಲ್ಲೇ ಹೇಳಬಾರದು, ಹದಿನೈದು ದಿನಕ್ಕೆ ಅಂಚೆಯಲ್ಲಿ ಬರಬೇಕು ಎಂಬುದು ನಿಯಮ. ಅದನ್ನು ಮುರಿಯುತ್ತಿದ್ದೇನೆಂದು ತಿಳಿದೇ ಇರಬೇಕು, ಕಾಗದ ಮಡಿಸಿಟ್ಟು, ಮೆಲ್ಲಗೆ, ಯೂ ಹ್ಯಾವ್ ಪಾಸ್ಡ್ ಎಂದರು. ದನಿ ಬಂತು. ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ಸಹಿ ಯಾವುದೂ ಇಲ್ಲ. ಹೊರಗೆ ಕಂಡಕ್ಟರುಗಳು ಸೀಟಿ ಊದಿದರು.

ಮೇಡಂ ಹೊರಟ ಮೇಲೂ ಚಿಕ್ಕತಾಯಮ್ಮ ಹೊರಗೆ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಪಾರ್ಸೆಲ್ ಮೂಟೆಯೊಂದರ ಮೇಲೆ ಕೂತು ಅಳುತ್ತಿದ್ದಳು. ಸಂತೋಷಕ್ಕೋ, ಮಂಡಿನೋವಿಗೋ, ಗಂಡನ ನೆನಪಿಗೋ, ಅಥವಾ ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಊರ ಮುಂದೆ ಬಿಚ್ಚಿದ್ದಕ್ಕೋ. ಅಳುವವರ ಮುಂದೆ ಏನು ಹೇಳಬೇಕೆಂದು ನನಗೆ ಯಾವತ್ತೂ ಗೊತ್ತಾಗಿಲ್ಲ. ಮನೆಯಲ್ಲಿ ಹೆಂಡತಿ ಅತ್ತರೆ ಹೊರಗೆ ಹೋಗಿ ಚಪ್ಪಲಿ ಸರಿಯಾಗಿ ಜೋಡಿಸಿಡುವ ಜಾತಿ ನನ್ನದು. ಆದರೂ ಆ ದಿನ ಇನ್ನೊಂದು ಮೂಟೆ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಗೋಡೆಯ ಮೇಲಿದ್ದ ತೂಕದ ಪಟ್ಟಿಯನ್ನು ನೋಡುತ್ತಾ ಹೇಳಿದೆ.

"ಅಳಬೇಡಿ ಚಿಕ್ಕತಾಯಮ್ಮ. ನೀವು ಪಾಸಾಗ್ತೀರಿ ಅಂತ ನಂಗೆ ಮೊದಲ ದಿನಾನೇ ಗೊತ್ತಿತ್ತು."

ಆಕೆ ಅಳು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಸೆರಗಿನಿಂದ ಮೂಗು ಒರೆಸಿಕೊಂಡು, ಪಾಠ ತಪ್ಪಿದ ಹುಡುಗನನ್ನು ನೋಡುವಂತೆ ನನ್ನನ್ನು ನೋಡಿದಳು.

"ಹೇಳಿದ್ದು ಚೆನ್ನಾಗೇ ಇತ್ತು ಮೇಷ್ಟ್ರೇ. ಆದ್ರೆ ಗೋಡೆ ನೋಡ್ಕಂಡು ಹೇಳ್ಬಾರ್ದು. ಕಣ್ಣು ನೋಡಿ ಹೇಳ್ಬೇಕು. ಇನ್ನೊಂದ್ಸಲ ಹೇಳಿ."

ನಾನು ಆಕೆಯ ಕಡೆ ತಿರುಗಿ ಕೂತು, ಕಣ್ಣು ನೋಡಿ, ಇನ್ನೊಂದು ಸಲ ಹೇಳಿದೆ.